ರುಮಾಲು ಬಿಚ್ಚುವ ಮುನ್ನ

ನಮ್ಮ ಮನೆಯ ಒಂದು ತಗಡಿನ ಟ್ರಂಕು ಈವರೆಗೆ ಮೂರು ಸಲ ರದ್ದಿಯವನ ಕೈಯಿಂದ ಪಾರಾಗಿದೆ. ಮೊದಲ ಸಲ ಅಜ್ಜನ ಕಾಲದಲ್ಲಿ, ಇನಾಮು ರದ್ದಾದಾಗ. ಎರಡನೆಯ ಸಲ, ಆಲಮಟ್ಟಿಯ ಹಿನ್ನೀರು ಬರುತ್ತದೆಂದು ಬಾಗಲಕೋಟೆಯ ಹಳೇ ಊರಿನ ಮನೆ ಬಿಟ್ಟು ನವನಗರಕ್ಕೆ ಹೋದಾಗ. ಮೂರನೆಯ ಸಲ ಎರಡು ವರ್ಷದ ಹಿಂದೆ, ಅಪ್ಪ ತೀರಿಕೊಂಡು ನವನಗರದ ಮನೆಯನ್ನೂ ಖಾಲಿ ಮಾಡಬೇಕಾಗಿ ಬಂದಾಗ. "ಅವು ಮೋಡಿ ಕಾಗದ. ಓದೋರು ಯಾರೂ ಉಳದಿಲ್ಲ. ಇಟ್ಕೊಂಡು ಏನ್ ಮಾಡ್ತಿ?" ಅಂದರು ಕಾಕಾ. ನಾನು ಪುಣೆಯಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಮೋಡಿ ಓದುವವರು ಇನ್ನೂ ಉಳಿದಿರುವ ಊರು ಇದ್ದರೆ ಅದು ಇದೇ. ಹಾಗಂತ ಟ್ರಂಕನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ಬಂದೆ.

ಬಂದ ರಾತ್ರಿಯೇ ನಾನೊಂದು ತಪ್ಪು ಮಾಡಿದೆ. ಈ ಬರಹ ಬರೆಯಲು ಅರ್ಧ ಕಾರಣ ಆ ತಪ್ಪೇ.

ಟ್ರಂಕಿನಲ್ಲಿ ಕೆಂಪು ಬಟ್ಟೆಯಲ್ಲಿ ಬಿಗಿದ ನಾಲ್ಕು ಗಂಟುಗಳಿದ್ದವು. ಇವಕ್ಕೆ ರುಮಾಲು ಎನ್ನುತ್ತಾರೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಹಗಲೆಲ್ಲ ಪ್ರಾಜೆಕ್ಟ್ ಪ್ಲಾನ್, ಟ್ರ್ಯಾಕರ್, ಡೆಡ್‌ಲೈನ್ ಎಂದು ಬದುಕುವ ಮನುಷ್ಯ ನಾನು. ನಾಲ್ಕೂ ಗಂಟು ಬಿಚ್ಚಿದೆ. ಮುನ್ನೂರಕ್ಕೂ ಮೇಲೆ ಕಾಗದಗಳು. ಅಳತೆಯ ಪ್ರಕಾರ ವಿಂಗಡಿಸಿದೆ: ಉದ್ದ ಪಟ್ಟಿಗಳು ಒಂದು ಕಡೆ, ಮಡಚಿದ ಚಿಕ್ಕ ಚೀಟಿಗಳು ಒಂದು ಕಡೆ, ಮುದ್ರೆ ಇದ್ದವು ಇನ್ನೊಂದು ಕಡೆ. ಒಂದೊಂದಕ್ಕೂ ನಂಬರು ಕೊಟ್ಟು ಎಕ್ಸೆಲ್ ಶೀಟು ಮಾಡಿದೆ. ಬಟ್ಟೆಗಳು ಧೂಳು ಹಿಡಿದಿದ್ದವು, ವಾಷಿಂಗ್ ಮಷೀನಿಗೆ ಹಾಕಿದೆ. ಬೆಳಗಿನ ಜಾವ ಎರಡಕ್ಕೆ ಬಹಳ ದೊಡ್ಡ ಕೆಲಸ ಮುಗಿಸಿದೆನೆಂಬ ಸಮಾಧಾನದಲ್ಲಿ ಮಲಗಿದೆ.

ತಿಂಗಳ ನಂತರ ಮೋಡಿ ಕಲಿಸುವ ನಿವೃತ್ತ ಮೇಷ್ಟ್ರೊಬ್ಬರ ಮುಂದೆ ನನ್ನ ಫೈಲುಗಳನ್ನು ಇಟ್ಟಾಗ ಅವರು ಕಾಗದ ನೋಡುವ ಮೊದಲೇ ಕೇಳಿದರು: "ಇವು ರುಮಾಲಿನಲ್ಲಿ ಯಾವ ಕ್ರಮದಲ್ಲಿದ್ದವು? ಯಾವುದರ ಮಡಿಕೆಯೊಳಗೆ ಯಾವುದಿತ್ತು?" ನಾನು ಎಕ್ಸೆಲ್ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಗದವನ್ನು ನಾನು ಓದಿಕೊಡುತ್ತೇನೆ. ಅದರ ನೆರೆಹೊರೆಯನ್ನು ನೀವು ಕಳೆದಿದ್ದೀರಿ, ಅದನ್ನು ಯಾರು ಓದುತ್ತಾರೆ?" ಎಂದರು. ಬಟ್ಟೆಯ ಮೂಲೆಯಲ್ಲಿ ಏನಾದರೂ ಬರೆದಿತ್ತೇ ಎಂದೂ ಕೇಳಿದರು. ಬರೆದಿತ್ತು. ದೀಪದ ಮಸಿಯಿಂದ ಮಾಡಿದ ಶಾಯಿ, ಒಂದು ವಾಷ್‌ಗೆ ಪೂರ್ತಿ ಹೋಗಿತ್ತು.

*

ಕನ್ನಡದ ಮನೆಯಲ್ಲಿ ಮೋಡಿ ಕಾಗದ ಯಾಕೆ ಎಂದು ದಕ್ಷಿಣದ ಕಡೆಯ ಗೆಳೆಯರು ಕೇಳುತ್ತಾರೆ. ಬಾಗಲಕೋಟೆ, ಬದಾಮಿ, ಧಾರವಾಡ, ಬೆಳಗಾವಿ ಕಡೆಯ ಓದುಗರಿಗೆ ಇದನ್ನು ಹೇಳಬೇಕಿಲ್ಲ. 1818ರಲ್ಲಿ ಪೇಶ್ವೆ ಆಳಿಕೆ ಮುಗಿಯುವವರೆಗೆ ಈ ಸೀಮೆಯ ದಫ್ತರದ ಭಾಷೆ ಮರಾಠಿ, ಲಿಪಿ ಮೋಡಿ. ಆ ವರ್ಷ ಮನ್ರೋ ಬದಾಮಿ ಕೋಟೆ ಹಿಡಿದ ಮೇಲೂ, ಕಂಪನಿಯ ಕಚೇರಿಗಳಲ್ಲಿ ಬಹಳ ಕಾಲ ಅದೇ ನಡೆಯಿತು. ಅಡುಗೆಮನೆಯಲ್ಲಿ ಕನ್ನಡ, ದೇವರಮನೆಯಲ್ಲಿ ಸಂಸ್ಕೃತ, ಪಡಸಾಲೆಯ ಗಾದಿಯ ಮೇಲೆ ಕೂತು ಬರೆಯುವಾಗ ಮೋಡಿ. ಹಾಗೆ ಬದುಕಿದ ಮನೆಗಳು ಸಾವಿರಾರು.

ಮೋಡಿ ಲೇಖನಿ ಎತ್ತದೆ ಬರೆಯುವ ಲಿಪಿ. ಮೊದಲು ಹಾಳೆಯ ಈ ತುದಿಯಿಂದ ಆ ತುದಿಯವರೆಗೆ ಒಂದು ಗೆರೆ ಎಳೆದು, ಅದರ ಕೆಳಗೆ ಅಕ್ಷರಗಳನ್ನು ಒಂದಕ್ಕೊಂದು ಪೋಣಿಸುತ್ತ ಹೋಗುವುದು. ಪದ ಎಲ್ಲಿ ಮುಗಿಯಿತು, ವಾಕ್ಯ ಎಲ್ಲಿ ಮುಗಿಯಿತು ಎಂಬುದಕ್ಕೆ ಗುರುತಿಲ್ಲ. ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘದ ಭೇದವಿಲ್ಲ. ಗುಮಾಸ್ತನ ಅವಸರಕ್ಕೆ ಹೇಳಿ ಮಾಡಿಸಿದ ಲಿಪಿ, ಇನ್ನೂರು ವರ್ಷದ ನಂತರ ಓದುವವನಿಗಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅಚ್ಚು ಬಾಳಬೋಧ ಲಿಪಿಗೆ, ಅಂದರೆ ದೇವನಾಗರಿಗೆ, ನಿಂತಿತು. ಶಾಲೆಗಳಿಂದಲೂ ಮೋಡಿ ಹೋಯಿತು. ನಮ್ಮ ಅಜ್ಜ ಓದುತ್ತಿದ್ದರು, ಅಪ್ಪನಿಗೆ ಬರುತ್ತಿರಲಿಲ್ಲ. ಎರಡೇ ತಲೆಮಾರಿನಲ್ಲಿ ನಮ್ಮದೇ ಕಾಗದ ನಮಗೆ ಪರಭಾಷೆಯಾಯಿತು.

ತಾರೀಖು ಇನ್ನೊಂದು ಒಗಟು. ನಮ್ಮ ಒಂದು ಸನದಿನ ನಕಲಿನ ಮೇಲೆ "ಇಸನ್ನೆ ತಿಸೈನ್ ಮಯಾ ವ ಅಲಫ್" ಎಂದಿದೆ. ಇದು ಶುಹೂರ್ ವರ್ಷ, ಅರಬಿ ಸಂಖ್ಯೆಗಳನ್ನು ಅಕ್ಷರದಲ್ಲಿ ಬರೆದದ್ದು: ಎರಡು, ತೊಂಬತ್ತು, ನೂರು, ಸಾವಿರ. ಒಟ್ಟು 1192. ಇದಕ್ಕೆ 599 ಸೇರಿಸಿದರೆ 1791. ವರ್ಷ ಶುರುವಾಗುವುದು ಮೃಗಶಿರ ಮಳೆಗೆ, ಜೂನಿನ ಮೊದಲ ವಾರ. ಹಾಗಾಗಿ ಇದು 1791ರ ಜೂನ್‌ನಿಂದ ಮುಂದಿನ ಜೂನ್ ನಡುವಿನದು. ರೈತ ಬಿತ್ತುವ ದಿನಕ್ಕೆ ವರ್ಷ ತೆರೆಯುವ ಈ ಲೆಕ್ಕ ಬಾದಶಾಹಿ ಕಾಲದಿಂದ ಬಂದು, ಪೇಶ್ವೆಗಳ ದಫ್ತರ ದಾಟಿ, ನಮ್ಮ ಟ್ರಂಕಿನವರೆಗೆ ನಡೆದಿತ್ತು. ಮೇಷ್ಟ್ರು ಅದನ್ನು ಬಿಡಿಸಿ ಹೇಳಿದ ದಿನ ನಾನು ಮನೆಗೆ ಬಂದು ಮಗಳಿಗೆ ಹೇಳಿಕೊಟ್ಟೆ. ಅವಳು ತನ್ನ ಹುಟ್ಟಿದ ವರ್ಷವನ್ನು ಶುಹೂರಿನಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿದಳು.

*

ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಬೇರೆ. ಒಂದು ಮನೆತನ ಮುನ್ನೂರು ಕಾಗದ ಯಾಕೆ ಕಾಯ್ದುಕೊಂಡಿತು? ಪತ್ರಗಳನ್ನು ನೆನಪಿಗಾಗಿ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿ ಅಷ್ಟೇನೂ ಇರಲಿಲ್ಲ. ಟ್ರಂಕಿನಲ್ಲಿ ಒಂದೂ ಪ್ರೇಮಪತ್ರವಿಲ್ಲ, ದಿನಚರಿ ಇಲ್ಲ. ಇರುವುದೆಲ್ಲ ಸನದು, ಮಹಜರು, ಕೈಫಿಯತ್ತು, ಜಮಾಖರ್ಚಿನ ಪಟ್ಟಿ, ಪಾವತಿ, ಗಹಾಣಖತ, ಮತ್ತು ಒಂದಿಷ್ಟು ಜಾತಕ. ಉತ್ತರ ಸಿಕ್ಕಿದ್ದು ಇನಾಮ್ ಕಮಿಷನ್ ಎಂಬ ಎರಡು ಶಬ್ದದಲ್ಲಿ.

ಹಳೆಯ ಸರಕಾರಗಳು ಕೊಟ್ಟ ಕರಮುಕ್ತ ಭೂಮಿ ಎಷ್ಟು, ಅದನ್ನು ಅನುಭವಿಸುವವರ ಹಕ್ಕು ನಿಜವೇ ಎಂದು ಕಂಪನಿ ಸರಕಾರ ವಿಚಾರಿಸಲು ತೊಡಗಿತು. ಈ ವಿಚಾರಣೆ 1843ರಲ್ಲಿ ಶುರುವಾದದ್ದು ನಮ್ಮ ಕಡೆಯೇ, ಆಗ ದಕ್ಷಿಣ ಮರಾಠಾ ದೇಶ ಎನ್ನುತ್ತಿದ್ದ ಧಾರವಾಡ ಬೆಳಗಾವಿ ಸೀಮೆಯಲ್ಲಿ. 1852ರ ಹನ್ನೊಂದನೆಯ ಕಾಯಿದೆ ಅದಕ್ಕೆ ಪೂರ್ತಿ ಅಧಿಕಾರ ಕೊಟ್ಟಿತು. ನೀವು ಮೂರು ತಲೆಮಾರಿನಿಂದ ಉಳುತ್ತಿದ್ದೀರಿ ಎಂಬ ಊರವರ ಮಾತು ಸಾಲದು, ಕಾಗದ ತೋರಿಸಿ. ತೋರಿಸಿದ ಕಾಗದವನ್ನು ಪುಣೆಯಲ್ಲಿ ವಶಪಡಿಸಿಕೊಂಡಿದ್ದ ಪೇಶ್ವೆಗಳ ದಫ್ತರದ ಜೊತೆ ತಾಳೆ ನೋಡುತ್ತಿದ್ದರು. ಅಲ್ಲಿಯೂ ದಾಖಲೆ ಇಲ್ಲ, ಇಲ್ಲಿಯೂ ಇಲ್ಲ ಎಂದರೆ ಜಮೀನು ಸರಕಾರಕ್ಕೆ.

ಬಾಯಿಮಾತಿನ ಮೇಲೆ, ಸಾಕ್ಷಿಗಳ ಮೇಲೆ, ದೇವರ ಮುಂದಿನ ಆಣೆಯ ಮೇಲೆ ನಿಂತಿದ್ದ ಸಮಾಜಕ್ಕೆ ಇದು ಭೂಕಂಪ. 1858ರ ನರಗುಂದದ ಬಂಡಾಯವನ್ನು ನಾವೆಲ್ಲ ಶಾಲೆಯಲ್ಲಿ ದತ್ತಕದ ಹಕ್ಕಿನ ಪ್ರಶ್ನೆಯಾಗಿ ಓದಿದ್ದೇವೆ, ಅದು ನಿಜ. ಆದರೆ ಬಾಬಾಸಾಹೇಬ ಭಾಸ್ಕರರಾವ್ ಭಾವೆಯ ಕಡೆಯವರು ಸುರಿಬಾನದಲ್ಲಿ ಕೊಂದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್, ಮೊದಲು ಇನಾಮ್ ಕಮಿಷನ್ನಿನ ಅಧಿಕಾರಿಯಾಗಿದ್ದವನು. ಆ ಸೀಮೆಯ ಜನರ ಕಣ್ಣಿಗೆ ಅವನು ಯಾವ ಮುಖವಾಗಿ ಕಂಡಿರಬಹುದು ಎಂಬುದು ನಮ್ಮ ಟ್ರಂಕಿನ ಕಾಗದ ಓದಿದ ಮೇಲೆ ನನಗೆ ಸ್ವಲ್ಪ ಹೊಳೆಯಿತು.

ಬಂಡಾಯದ ನಂತರ ಸರಕಾರ ಮೆತ್ತಗಾಯಿತು. 1863ರ ಕಾಯಿದೆಗಳಲ್ಲಿ ಒಂದು ರಾಜಿ ಬಂತು: ಪುರಾವೆಯ ತಕರಾರು ಬಿಡೋಣ, ನೀವು ಕಂದಾಯದ ಒಂದು ಪಾಲನ್ನು ವರ್ಷಾವರ್ಷ ಕಟ್ಟಿ, ನಾವು ಹಕ್ಕನ್ನು ಖಾಯಂ ಮಾಡುತ್ತೇವೆ. ಹೊಸ ಅಚ್ಚಿನ ಸನದು ಕೈಗೆ ಬಂತು. ಅಂದಿನಿಂದ ಹಳೆಯ ಮೋಡಿ ಕಾಗದಗಳ ಬೆಲೆ ಇಳಿಯಿತು.

ಕುಟುಂಬದ ಕಾಗದಗಳ ಆಯುಷ್ಯ ಹೀಗೆ ನಡೆಯುತ್ತದೆ ಎಂದು ನನಗೆ ಅನ್ನಿಸುತ್ತದೆ. ಅವು ಜಮೀನು ಆಗಿರುವವರೆಗೆ ಯಾರೂ ಹೊರಗಿನವರಿಗೆ ತೋರಿಸುವುದಿಲ್ಲ. ಜಮೀನು ಆಗಿರುವುದು ನಿಂತ ದಿನ ಅವು ರದ್ದಿ. ಅದೇ ದಿನ ಅವು ಇತಿಹಾಸವೂ ಹೌದು. ಆದರೆ ರದ್ದಿಯವನು ಇತಿಹಾಸಕಾರನಿಗಿಂತ ಮೊದಲು ಬಾಗಿಲು ತಟ್ಟುತ್ತಾನೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕೆಲವರು ರದ್ದಿಯವನಿಗಿಂತ ಮೊದಲು ಹೋದರು. ಮೀರಜಿನ ಶಾಲೆಯ ಸಂಸ್ಕೃತ ಮೇಷ್ಟ್ರು ವಾಸುದೇವಶಾಸ್ತ್ರಿ ಖರೆ, ಪಟವರ್ಧನ ಮನೆತನದ ದಫ್ತರ ಹಿಡಿದು ಕೂತು 1897ರಿಂದ ಸಂಪುಟದ ಮೇಲೆ ಸಂಪುಟ ಅಚ್ಚು ಹಾಕಿಸಿದರು. ಇದೇ ಪಟವರ್ಧನರು ಜಮಖಂಡಿಯನ್ನು ಆಳಿದವರು, ಇದೇ ಮನೆತನದ ಪರಶುರಾಮ ಭಾವೂ 1790–91ರಲ್ಲಿ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕೂತವನು. ಉತ್ತರ ಕರ್ನಾಟಕದ ಚರಿತ್ರೆಯ ಒಂದು ದೊಡ್ಡ ಭಾಗ ಒಂದು ಕುಟುಂಬದ ಮನೆಯ ಪತ್ರಗಳಲ್ಲಿತ್ತು. ಸಾತಾರೆಯಲ್ಲಿ ದತ್ತಾತ್ರೇಯ ಬಳವಂತ ಪಾರಸನೀಸ ಇಂಥವನ್ನೇ ಕೂಡಿಟ್ಟರು. ಎಲ್ಲರಿಗಿಂತ ಹಟಮಾರಿ ವಿಶ್ವನಾಥ ಕಾಶೀನಾಥ ರಾಜವಾಡೆ. ಊರೂರು ಅಲೆದು, ಅಟ್ಟ ಹತ್ತಿ, ಬೇಡಿ, ಜಗಳಾಡಿ ಕಾಗದ ತಂದು 22 ಸಂಪುಟಗಳನ್ನು ಹೊರತಂದ ಮನುಷ್ಯ. ಪಾಣಿಪತ್ ಕಾಲದ ಪತ್ರಗಳಿದ್ದ ಮೊದಲ ಸಂಪುಟ ಬಂದದ್ದು 1898ರಲ್ಲಿ. 1910ರಲ್ಲಿ ಪುಣೆಯಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳ ಕಟ್ಟಿದವರಲ್ಲಿ ಅವರೂ ಒಬ್ಬರು. ಸದಾಶಿವ ಪೇಟೆಯ ಆ ಕಟ್ಟಡದಲ್ಲಿ ಇಂದಿಗೂ ಮನೆಮನೆಗಳಿಂದ ಬಂದ ರುಮಾಲುಗಳಿವೆ.

ಗಮನಿಸಬೇಕಾದ್ದು ಏನೆಂದರೆ, ಆಗ ಸರಕಾರಿ ದಫ್ತರ ಇವರಿಗೆ ಸುಲಭವಾಗಿ ತೆರೆದಿರಲಿಲ್ಲ. ಕೌನ್ಸಿಲ್ ಹಾಲ್ ಹತ್ತಿರದ ಕಲ್ಲಿನ ಕಟ್ಟಡದಲ್ಲಿ ಪೇಶ್ವೆ ದಫ್ತರ ಬೀಗದೊಳಗಿತ್ತು. ಗೋವಿಂದ ಸಖಾರಾಮ ಸರದೇಸಾಯಿ ಅದರಿಂದ ಆಯ್ದ ಕಾಗದಗಳನ್ನು 45 ಭಾಗಗಳಲ್ಲಿ ಪ್ರಕಟಿಸಿದ್ದು 1930ರ ದಶಕದಲ್ಲಿ. ಆವರೆಗೆ ಮರಾಠರ ಇತಿಹಾಸವನ್ನು ಬರೆದವರಿಗೆ ಆಸರೆಯಾದದ್ದು ಬಹುಪಾಲು ಮನೆಗಳ ಟ್ರಂಕುಗಳೇ.

*

ನಮ್ಮ ಟ್ರಂಕಿಗೆ ಮರಳುತ್ತೇನೆ. ಅಜ್ಜ ಹೇಳುತ್ತಿದ್ದ ಕತೆ ಹೀಗಿತ್ತು: ನಮ್ಮ ಮೂಲಪುರುಷ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಪೇಶ್ವೆ ಮೆಚ್ಚಿ ಭೂಮಿ ಕೊಟ್ಟ. ದೇವರಮನೆಯ ಗೋಡೆಗೆ ತೂಗುಹಾಕಿದ್ದ ವಂಶವೃಕ್ಷದಲ್ಲಿ ಅವನಿಂದ ಹಿಡಿದು ಅಪ್ಪನವರೆಗೆ ಒಂಬತ್ತು ಗಂಡಸರ ಹೆಸರು.

ಮೇಷ್ಟ್ರು ಓದಿದ ಸನದಿನ ನಕಲಿನಲ್ಲಿ ಶೌರ್ಯದ ಮಾತಿಲ್ಲ. ಲೆಕ್ಕ ಬರೆದದ್ದಕ್ಕೆ, ಪಂಚಾಂಗ ಹೇಳಿದ್ದಕ್ಕೆ ಕೊಟ್ಟ ಒಂದು ತುಂಡು ಭೂಮಿ. ಸಾಫ್ಟ್‌ವೇರ್ ಲೆಕ್ಕ ಬರೆದು ಬದುಕುವ ನನಗೆ ಇದರಿಂದ ಬೇಜಾರೇನೂ ಆಗಲಿಲ್ಲ, ನಗು ಬಂತು. ಕಾಕಾಗೆ ಮಾತ್ರ ಬೇಸರವಾಯಿತು.

ಎರಡನೆಯದು 1850ರ ದಶಕದ ಒಂದು ಕೈಫಿಯತ್ತಿನ ನಕಲು. ಕಮಿಷನ್ನಿನ ಎದುರು ಕೊಟ್ಟ ಹೇಳಿಕೆ. ಕೊಟ್ಟವಳು ಹೆಂಗಸು. ಗಂಡ ತೀರಿಕೊಂಡಿದ್ದಾನೆ, ಮಗ ಎಳೆಯವನು, ಮೈದುನ ಕಾಗದ ಬಚ್ಚಿಟ್ಟುಕೊಂಡಿದ್ದಾನೆ, ಮನೆಗೆ ಬೆಂಕಿ ಬಿದ್ದಾಗ ಕೆಲವು ಸುಟ್ಟವು, ಉಳಿದವನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದೇನೆ ಎನ್ನುತ್ತಾಳೆ. ತಂದದ್ದರ ಯಾದಿ ಕೆಳಗಿದೆ, ಹದಿನಾಲ್ಕು ಕಾಗದ. ಸಹಿಯ ಜಾಗದಲ್ಲಿ ಒಂದು ಚಿಕ್ಕ ವೃತ್ತ. ಅಕ್ಷರ ಬಾರದವರು ತಮ್ಮ ತಮ್ಮ ನಿಶಾನಿ ಹಾಕುವುದು ಆಗಿನ ರೂಢಿ: ಒಕ್ಕಲಿಗನಿಗೆ ನೇಗಿಲು, ಹೆಂಗಸಿಗೆ ಬಳೆ. ಬಳೆ ಒಡೆಸಿಕೊಂಡ ವಿಧವೆಯ ಸಹಿಯೂ ಬಳೆಯೇ.

ಅವಳ ಹೆಸರಿನ ಮುಂದೆ ಕೋಂ ಎಂದಿದೆ, ಆಮೇಲೆ ಗಂಡನ ಹೆಸರು. ಗಂಡನ ಹೆಸರು ನಮ್ಮ ವಂಶವೃಕ್ಷದಲ್ಲಿ ನಾಲ್ಕನೆಯದು, ಮಗನದು ಐದನೆಯದು. ಅವರಿಬ್ಬರ ನಡುವೆ ಭೂಮಿಯನ್ನು ಉಳಿಸಿದವಳು ಎಲ್ಲಿಯೂ ಇಲ್ಲ. ಅವಳ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅಮ್ಮ ಎರಡು ಸಲ ಆ ಹೆಸರನ್ನು ಹೇಳಿಕೊಂಡು, "ಶ್ರಾದ್ಧದಾಗ ಇಷ್ಟು ವರ್ಷ ಯಾರ ಹೆಸರು ಹೇಳಿದ್ವಿ ಹಂಗಾದ್ರ?" ಎಂದಳು.

ಮೂರನೆಯ ಕಾಗದವನ್ನು ಮೇಷ್ಟ್ರಿಗೆ ತೋರಿಸುವ ಅಗತ್ಯವಿರಲಿಲ್ಲ. ಅದು ಕನ್ನಡದಲ್ಲೇ ಇತ್ತು. ಬಿಡಿಸಿ ಓದಲು ಒಂದು ವಾರ ಹಿಡಿದರೂ ನಾನೇ ಓದಿದೆ. 1877ರ ಗಹಾಣಖತ. 1876–78ರ ಬರ ನಮ್ಮ ಕಲಾದಗಿ ಜಿಲ್ಲೆಯನ್ನು ಹೇಗೆ ಹಿಂಡಿತು ಎಂಬುದು ಗೆಜೆಟಿಯರ್ ಓದಿದವರಿಗೆ ಗೊತ್ತು. ಊರುಗಳೇ ಖಾಲಿಯಾದ ಬರ ಅದು. ನೆರೆಯ ಒಬ್ಬ ರೈತ ಬಾವಿ ಇದ್ದ ಹೊಲವನ್ನು ನಮ್ಮ ಮನೆಗೆ ಒತ್ತೆ ಇಟ್ಟಿದ್ದಾನೆ. ಪಡೆದದ್ದು ಕೆಲವು ಚೀಲ ಜೋಳ ಮತ್ತು ಅಷ್ಟಿಷ್ಟು ರೊಕ್ಕ. ಕೆಳಗೆ ನೇಗಿಲಿನ ನಿಶಾನಿ, ಒಂದು ಗೀಟು ಅಡ್ಡ, ಒಂದು ಗೀಟು ವಾರೆ. ಬಿಡಿಸಿಕೊಂಡ ಪಾವತಿ ಟ್ರಂಕಿನಲ್ಲಿ ಇಲ್ಲ. ಆ ಬಾವಿಯ ಹೊಲ ನಾನು ಸಣ್ಣವನಿದ್ದಾಗ ನಮ್ಮದೇ ಎಂದು ಹೇಳಿಕೊಳ್ಳುತ್ತಿದ್ದದ್ದು. 1974ರ ಭೂಸುಧಾರಣೆಯಲ್ಲಿ ಅದು ಉಳುವವನಿಗೆ ಹೋಯಿತು ಎಂದು ಅಜ್ಜ ಸಾಯುವವರೆಗೂ ಅನ್ಯಾಯ ಅನ್ನುತ್ತಿದ್ದರು.

ಪಾವತಿ ಇತ್ತೇ, ಇರಲಿಲ್ಲವೇ? ಗಹಾಣಖತದ ಮಡಿಕೆಯೊಳಗೆ ಒಂದು ಚಿಕ್ಕ ಚೀಟಿ ಇದ್ದಿದ್ದರೆ ಆ ಚೀಟಿಯೇ ಉತ್ತರ. ಮೊತ್ತವಷ್ಟೇ ಇರುವ, ಹೆಸರಿಲ್ಲದ ಚೀಟಿಗಳು ನನ್ನ ಬಳಿ ನಲವತ್ತಕ್ಕೂ ಹೆಚ್ಚು ಇವೆ. ಅವನ್ನು ಅಳತೆಯ ಪ್ರಕಾರ ಅಂದವಾಗಿ ಜೋಡಿಸಿಟ್ಟವನು ನಾನೇ. ಮೇಷ್ಟ್ರು ಹೇಳಿದ ನೆರೆಹೊರೆ ಎಂದರೆ ಏನೆಂದು ಅಂದು ಅರ್ಥವಾಯಿತು. ಒಂದು ಮನೆತನ ಇನ್ನೊಂದು ಮನೆತನದ ಹೊಲ ನುಂಗಿತೇ ಇಲ್ಲವೇ ಎಂಬ ಪ್ರಶ್ನೆಯನ್ನು, ಸಾಕ್ಷಿಯನ್ನು ಕಳೆದು, ಶಾಶ್ವತವಾಗಿ ಉತ್ತರವಿಲ್ಲದ್ದು ಮಾಡಿದ್ದೇನೆ.

*

ಕಾಗದಗಳನ್ನು ಪುಣೆಯ ಒಂದು ಸಂಸ್ಥೆಗೆ ಕೊಡೋಣ ಎಂದಾಗ ಮನೆಯಲ್ಲಿ ಗಲಾಟೆಯಾಯಿತು. "ಉಳಿದದ್ದು ಕೊಡು, ಆ ಗಹಾಣದ್ದು ಮಾತ್ರ ತಗದಿಡು" ಎಂದರು ಕಾಕಾ. ಅವರ ಭಯ ಸುಳ್ಳಲ್ಲ. ನಮ್ಮ ಕಡೆ ಮನೆಗಳು ಕಾಗದ ಹೊರಗೆ ಬಿಡದಿರುವುದಕ್ಕೆ ಅಸಡ್ಡೆ ಮಾತ್ರ ಕಾರಣವಲ್ಲ. ಕೋರ್ಟು, ಪಾಲು, ಮರ್ಯಾದೆ ಎಲ್ಲ ಅದರೊಳಗಿದೆ. ಆಲಮಟ್ಟಿಯ ಪರಿಹಾರದ ಹೊತ್ತಿಗೆ ಎಷ್ಟು ಮನೆಗಳಲ್ಲಿ ಅಣ್ಣತಮ್ಮಂದಿರು ಹಳೇ ಕಾಗದಕ್ಕಾಗಿ ಮಾತು ಬಿಟ್ಟರು ಎಂಬುದನ್ನು ನಾನೇ ನೋಡಿದ್ದೇನೆ. ಪೇಶ್ವೆಯ ಶೌರ್ಯದ ಕತೆ ಹೋದದ್ದಕ್ಕೆ ಬೇಸರಪಟ್ಟ ಮನುಷ್ಯನಿಗೆ ಇದು ಇನ್ನೂ ಭಾರ.

ನಾನು ಒಂದೇ ಮಾತು ಹೇಳಿದೆ: ಬಳೆಯ ನಿಶಾನಿ ಕೊಡುವುದಾದರೆ ನೇಗಿಲಿನ ನಿಶಾನಿಯನ್ನೂ ಕೊಡಬೇಕು. ಅಜ್ಜಿಯನ್ನು ನೆನಪಿಟ್ಟುಕೊಳ್ಳಲು ಕಾಗದ ಬೇಕು, ಆ ರೈತನನ್ನು ಮರೆಯಲು ಅದೇ ಟ್ರಂಕು ಬೇಕು ಎಂದರೆ ಹೇಗೆ? ಅವನ ಮನೆಯಲ್ಲಿ ಟ್ರಂಕು ಇರಲಿಲ್ಲ. ಅವನ ಬಗ್ಗೆ ಲೋಕದಲ್ಲಿ ಇರುವ ಒಂದೇ ಬರಹ ನಮ್ಮ ಮನೆಯಲ್ಲಿದೆ. ಮೂರು ತಿಂಗಳು ಮಾತಾಡಿದ ಮೇಲೆ ಕಾಕಾ ಒಪ್ಪಿದರು. ಪೂರ್ತಿ ಮನಸ್ಸಿನಿಂದ ಎಂದು ಹೇಳಲಾರೆ.

ನಿಮ್ಮ ಊರಿನ ಮನೆಯ ಅಟ್ಟದಲ್ಲೂ ಇಂಥದ್ದಿರಬಹುದು. ಮೋಡಿಯಾಗಿರಬೇಕಿಲ್ಲ; ಹಳೆ ಮೈಸೂರಿನ ಕಡತವಿರಬಹುದು, ಕರಾವಳಿಯ ಮೂಲಗೇಣಿ ಚೀಟು ಇರಬಹುದು. ಮನೆ ಖಾಲಿ ಮಾಡುವ ಪಾಳಿ ನಮ್ಮ ತಲೆಮಾರಿಗೆ ಬಂದಿದೆ, ನಾವೆಲ್ಲ ಎರಡು ದಿನದ ರಜೆ ಹಾಕಿ ಹೋಗುವವರು. ನನ್ನಿಂದಾದ ನಷ್ಟದಿಂದ ಕಲಿತದ್ದಿಷ್ಟು. ಗಂಟು ಬಿಚ್ಚುವ ಮೊದಲು ಗಂಟಿನದೇ ಫೋಟೋ ತೆಗೆಯಿರಿ. ಒಂದೊಂದು ಕಾಗದ ಎತ್ತುವ ಮುನ್ನ ಅದು ಇದ್ದ ಜಾಗದಲ್ಲೇ ಇನ್ನೊಂದು ಫೋಟೋ. ಯಾವುದರೊಳಗೆ ಯಾವುದು ಇತ್ತೋ ಅದನ್ನು ಹಾಗೆಯೇ ಬರೆದಿಡಿ, ವಿಂಗಡಿಸುವ ಆಸೆ ಬೇಡ. ಸೆಲ್ಲೋಟೇಪು, ಲ್ಯಾಮಿನೇಶನ್ ಎರಡೂ ಬೇಡ, ಕಾಗದವನ್ನು ಅವೇ ಕೊಲ್ಲುತ್ತವೆ. ಬಟ್ಟೆ ಒಗೆಯಬೇಡಿ. ಮನೆಯ ಹಿರಿಯರು ಇರುವಾಗಲೇ ಅವರೆದುರಿಗೆ ಬಿಚ್ಚಿ, ಫೋನಿನ ರೆಕಾರ್ಡರ್ ಹಾಕಿಕೊಂಡು.

ಕೈಫಿಯತ್ತಿನ ಜೊತೆ ಇದ್ದಿರಬಹುದಾದ ಇನ್ನೊಂದು ಚೀಟಿಯನ್ನು ಮೇಷ್ಟ್ರು ಕಳೆದ ತಿಂಗಳು ಓದಿದರು. ಕಮಿಷನ್ನಿನ ಕಚೇರಿ ಕೊಟ್ಟ ಪಾವತಿ: ಹದಿನಾಲ್ಕು ಕಾಗದ ದಾಖಲಾದವು ಎಂದು. ನಮ್ಮಲ್ಲಿರುವುದು ನಕಲುಗಳು, ಮೂಲ ಹಿಂದಿರುಗಿ ಬಂದ ಗುರುತಿಲ್ಲ. ಹಾಗೆ ಕುಟುಂಬಗಳಿಂದ ಕಮಿಷನ್ನಿಗೆ ಬಂದು ಸೇರಿದ ಕಾಗದಗಳದ್ದೇ ಒಂದು ವಿಭಾಗ ಪೇಶ್ವೆ ದಫ್ತರದಲ್ಲಿದೆ, ಜಮಾವ್ ಎಂದು ಹೆಸರು. ಹದಿನೆಂಟು ವರ್ಷದಿಂದ ಊರಿಗೆ ರೈಲು ಹಿಡಿಯಲು ಸ್ಟೇಷನ್ನಿಗೆ ಹೋಗುವಾಗ ಆ ಕಲ್ಲಿನ ಕಟ್ಟಡದ ಮುಂದೆ ಹಾಯ್ದಿದ್ದೇನೆ. ಅವಳು ಸೆರಗಿನಲ್ಲಿ ಕಟ್ಟಿಕೊಂಡು ಬಂದ ಗಂಟು ಅದರೊಳಗೆ ಇರಬಹುದು.

ಅರ್ಜಿ ಹಾಕಿದ್ದೇನೆ. ಒಳಗೆ 39,000ದಷ್ಟು ರುಮಾಲುಗಳಿವೆಯಂತೆ. ಶನಿವಾರ ಬೆಳಿಗ್ಗೆ ಮೋಡಿ ವರ್ಗಕ್ಕೆ ಹೋಗುತ್ತೇನೆ, ಈಗ ಕೂಡಿಸಿ ಓದುವಷ್ಟು ಬರುತ್ತದೆ. ಮೊದಲು ಕಲಿತ ಹೆಸರು ಅವಳದ್ದು.